ಲಂಡನ್‌ನಲ್ಲಿ ನೋಡಿದ ಒಂದು ಗ್ರಾಫಿಟಿ ಪ್ರದರ್ಶನ ತಲೆಯಿಂದ ಹೋಗುತ್ತಿಲ್ಲ, ಗೊತ್ತಿರುವವರು ಹೇಳ್ತೀರಾ?

ಸುಂಟಿಕೊಪ್ಪದ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಕ್ಕ ಲಂಡನ್‌ನಲ್ಲಿ ನರ್ಸ್. ಅವಳ ಬಾಣಂತನಕ್ಕೆ ಅಮ್ಮನ ಜೊತೆ ನಾನೂ ಹೋಗಿದ್ದೆ, ವಾಪಸ್ ಬಂದು ಮೂರು ವಾರ ಆಯಿತು. ಅಲ್ಲಿ ಬ್ರಿಕ್ಸ್‌ಟನ್ ಅಂತ ಒಂದು ಕಡೆ ಇದೆ, ಕೆರಿಬಿಯನ್ ದ್ವೀಪಗಳಿಂದ ಬಂದವರು ತುಂಬಾ ಹಿಂದಿನಿಂದ ಇರುವ ಜಾಗ. ಒಂದು ದಿನ ಮಳೆ ಬಂತು ಅಂತ ಒಂದು ಸಣ್ಣ ಹಾಲ್ ಒಳಗೆ ನುಗ್ಗಿದೆ. ಒಬ್ಬಳೇ ಕಲಾವಿದೆಯ ಪ್ರದರ್ಶನ ನಡೀತಿತ್ತು. ಮಳೆ ನಿಂತ ಮೇಲೂ ನಾನು ಹೊರಗೆ ಬರಲಿಲ್ಲ.

ಕ್ಯಾನ್ವಾಸ್ ಒಂದೂ ಇರಲಿಲ್ಲ. ಎಲ್ಲಾ ತಗಡು. ನಮ್ಮಲ್ಲಿ ಕೊಟ್ಟಿಗೆಗೆ ಹೊದಿಸುತ್ತಾರಲ್ಲ, ಅಂಥ ಜಿಂಕ್ ಶೀಟು, ಅದರ ಮೇಲೆ ಸ್ಪ್ರೇ ಪೇಂಟಿನಲ್ಲಿ ಬರೆದದ್ದು. ಅವಳ ಅಜ್ಜಿ ಜಮೈಕಾದಿಂದ ಹಡಗಿನಲ್ಲಿ ಬಂದವರಂತೆ. ಅಜ್ಜಿ ಆಡುತ್ತಿದ್ದ ಮಾತುಗಳನ್ನೇ ಅಡ್ಡಾದಿಡ್ಡಿ ಬರೆದಿದ್ದಾಳೆ. ಒಂದು ಶೀಟಿನಲ್ಲಂತೂ ಅಜ್ಜಿಯ ಹೆಸರೊಂದೇ, ಮೂವತ್ತು ನಲವತ್ತು ಸಲ, ಪ್ರತಿಯೊಂದರ ಮೇಲೂ ಗೆರೆ ಎಳೆದು ಹೊಡೆದು ಹಾಕಿದ್ದಾಳೆ, ಕೊನೆಯದನ್ನು ಮಾತ್ರ ಹಾಗೇ ಬಿಟ್ಟಿದ್ದಾಳೆ. ಕಪ್ಪು ಬಣ್ಣ ತಗಡಿನ ತಗ್ಗಿನಲ್ಲಿ ಇಳಿದು, ತುದಿಯಲ್ಲಿ ಹನಿಯಾಗಿ ಒಣಗಿತ್ತು. ಹತ್ತಿರ ಹೋಗಿ ನೋಡಿದರೆ ಗೆರೆಯ ಕೆಳಗೆ ಹೆಸರು ಇನ್ನೂ ಓದಲು ಬರುತ್ತಿತ್ತು.

ಹೊರಗೆ ಹೋಗುವ ಬಾಗಿಲ ಮೇಲೆ 'ಲಿಕಲ್ ಮೋರ್' ಅಂತ ಬರೆದಿತ್ತು. ಅಲ್ಲಿ ಕೂತಿದ್ದ ಒಬ್ಬರು ಆಂಟಿಯನ್ನು ಕೇಳಿದೆ. ಜಮೈಕಾದವರು ಹೊರಡುವಾಗ ಹೇಳುವ ಮಾತಂತೆ, ಮತ್ತೆ ಸಿಗೋಣ ಅಂತ ಅರ್ಥ. ನಾವು ಹೋಗ್ತೀನಿ ಅನ್ನದೆ ಹೋಗಿ ಬರ್ತೀನಿ ಅಂತೀವಲ್ಲ, ಅದು ನೆನಪಾಗಿ ಗಂಟಲು ಕಟ್ಟಿತು.

ಇಲ್ಲಿ ಫೋಟೋ ತೋರಿಸಿದರೆ ಫ್ರೆಂಡ್ಸ್ 'ಸುಮ್ನೆ ಗೀಚಿದ್ದಾರೆ' ಅಂತಾರೆ. ನನಗೆ ಹಾಗೆ ಅನಿಸಲಿಲ್ಲ. ಯಾಕೆ ಅಂತ ಹೇಳೋಕೂ ಬರ್ತಿಲ್ಲ. ಹೆಸರು ಬರೆದು ಹೊಡೆದು ಹಾಕೋದು ಯಾಕೆ? ಗೋಡೆ ಮೇಲಿನ ಬರಹ ಹಾಲ್ ಒಳಗೆ ಬಂದ ಮೇಲೂ ಅದನ್ನು ಗ್ರಾಫಿಟಿ ಅನ್ನಬಹುದಾ? ದಯವಿಟ್ಟು ತಿಳಿದವರು ಹೇಳಿ.

ಡ್ರಾಯಿಂಗ್ ಮೇಷ್ಟ್ರು, ವಿರಾಜಪೇಟೆ

ಒಳ್ಳೆ ಪ್ರಶ್ನೆ ಕೇಳಿದ್ದೀಯಮ್ಮ. ನನಗೆ ಗೊತ್ತಿದ್ದಷ್ಟು ಹೇಳ್ತೀನಿ.

ಜಾನ್ ಮಿಷೆಲ್ ಬಾಸ್ಕಿಯಾ ಅಂತ ಒಬ್ಬ ಕಲಾವಿದ. 1960ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಅಪ್ಪ ಹೈಟಿಯವರು, ಅಮ್ಮನ ಕಡೆಯವರು ಪೋರ್ಟೊ ರಿಕೊದವರು. ಎರಡೂ ಕೆರಿಬಿಯನ್. ಏಳು ವರ್ಷದವನಿದ್ದಾಗ ಕಾರು ಬಡಿದು ಆಸ್ಪತ್ರೆ ಸೇರಿದ್ದ. ಹೊತ್ತು ಹೋಗಲಿ ಅಂತ ಅಮ್ಮ ಕೊಟ್ಟದ್ದು ಡಾಕ್ಟರುಗಳು ಓದುವ ಅಂಗರಚನೆಯ ಪುಸ್ತಕ. ಅವನ ಚಿತ್ರಗಳಲ್ಲಿ ತಲೆಬುರುಡೆ, ಮೂಳೆ, ಕರುಳು ಅಷ್ಟೊಂದು ಬರುವುದು ಅಲ್ಲಿಂದ. ಹದಿನೇಳು ಹದಿನೆಂಟರ ವಯಸ್ಸಿಗೆ ಗೆಳೆಯ ಅಲ್ ಡಯಾಸ್ ಜೊತೆ ಮ್ಯಾನ್‌ಹಟನ್ ಗೋಡೆಗಳ ಮೇಲೆ 'ಸೇಮೋ' ಅನ್ನೋ ಹೆಸರಲ್ಲಿ ಬರೆಯುತ್ತಿದ್ದ. 1981ರಲ್ಲಿ ಇಟಲಿಯ ಮೊಡೆನಾದಲ್ಲಿ ಅವನದೇ ಮೊದಲ ಪ್ರದರ್ಶನ ಆಯಿತು. ಗೋಡೆಯ ಆ ಹೆಸರಲ್ಲೇ ಆಯಿತು.

ಪದ ಬರೆದು ಅದರ ಮೇಲೆ ಗೆರೆ ಎಳೆಯುವುದನ್ನು ಎಲ್ಲರ ಕಣ್ಣಿಗೆ ಬೀಳಿಸಿದವನು ಇವನೇ. ಹೊಡೆದು ಹಾಕಿದರೆ ಜನ ಅದನ್ನೇ ಓದಲು ಹೋಗ್ತಾರೆ ಅಂತ ಕಾರಣವನ್ನೂ ಹೇಳಿದ್ದ. ನೀನು ಆ ತಗಡಿನ ಹತ್ತಿರ ಹೋಗಿ ಬಗ್ಗಿ ಓದಿದೆಯಲ್ಲ, ಅದೇ. ಸಾಫ್ ಆಗಿ ಬರೆದಿದ್ದರೆ ಒಂದು ಸಲ ನೋಡಿ ಮುಂದೆ ಹೋಗುತ್ತಿದ್ದೆ.

ಹಾಲ್ ಒಳಗೆ ಬಂದರೆ ಗ್ರಾಫಿಟಿಯಾ ಅಂದರೆ, ಇದು ಐವತ್ತು ವರ್ಷದ ಹಳೇ ಜಗಳ. ಬಾಸ್ಕಿಯಾನಿಗೆ ತನ್ನನ್ನು ಗ್ರಾಫಿಟಿ ಕಲಾವಿದ ಅಂತ ಕರೆಯುವುದು ಇಷ್ಟ ಇರಲಿಲ್ಲ. ಲೀ ಕಿನ್ಯೋನೆಸ್ ಇನ್ನೊಬ್ಬ, ಪೋರ್ಟೊ ರಿಕೊದಲ್ಲೇ ಹುಟ್ಟಿದವನು. ರಾತ್ರಿ ನ್ಯೂಯಾರ್ಕಿನ ರೈಲು ಯಾರ್ಡಿಗೆ ನುಗ್ಗಿ ರೈಲಿಗೆ ಬಣ್ಣ ಹೊಡೆಯುತ್ತಿದ್ದ ಗುಂಪಿನವನು. 1979ರಲ್ಲಿ ಫ್ಯಾಬ್ ಫೈವ್ ಫ್ರೆಡ್ಡಿ ಅನ್ನೋ ಇನ್ನೊಬ್ಬ ಗ್ರಾಫಿಟಿಯವನ ಜೊತೆ ರೋಮ್‌ನ ಗ್ಯಾಲರಿಯಲ್ಲಿ ತನ್ನ ಕೆಲಸ ತೋರಿಸಿದ. ರೈಲಿನ ಮೇಲಿದ್ದದ್ದೆಲ್ಲ ಅಳಿಸಿ ಹೋಯಿತು. 1989ರ ಹೊತ್ತಿಗೆ ಬಣ್ಣ ಹೊಡೆದ ಒಂದು ಬೋಗಿಯನ್ನೂ ಓಡಿಸಲಿಲ್ಲ. ಮಾರ್ಥಾ ಕೂಪರ್, ಹೆನ್ರಿ ಶಾಲ್ಫಾಂಟ್ ಅನ್ನುವವರು ಹಟ ಹಿಡಿದು ಫೋಟೋ ತೆಗೆದಿಟ್ಟರು, ಅದರಿಂದಲೇ ಈಗ ನಾವು ನೋಡುತ್ತೇವೆ. ನನ್ನ ಅಭಿಪ್ರಾಯ ಕೇಳಿದರೆ, ಗೋಡೆ ಯಾವುದು ಅನ್ನುವುದಕ್ಕಿಂತ ಬರೆದವನಿಗೆ ಬೇರೆ ಜಾಗ ಇತ್ತಾ ಅನ್ನುವುದು ಮುಖ್ಯ.

ಮಡಿಕೇರಿಯವನು

ಬೇಸರ ಮಾಡ್ಕೋಬೇಡಿ, ನನಗೆ ಇದು ಒಪ್ಪಿಗೆ ಆಗಲ್ಲ. ನನ್ನ ಅಂಗಡಿ ಶಟರ್ ಮೇಲೆ ಯಾರೋ ರಾತ್ರಿ ಸ್ಪ್ರೇ ಹೊಡೆದು ಹೋದರು. ಥಿನ್ನರ್ ಹಾಕಿ ಉಜ್ಜಿ ಉಜ್ಜಿ ಕೈ ಸುಟ್ಟುಕೊಂಡವನು ನಾನು. ಟೂರಿಸ್ಟುಗಳು ಹಳೇ ಕಟ್ಟಡದ ಗೋಡೆ ಮೇಲೆ ಮೊಳೆಯಿಂದ ಹೆಸರು ಕೆರೆದು ಹೃದಯ ಬಿಡಿಸಿ ಹೋಗ್ತಾರೆ. ಅದನ್ನೂ ಕಲೆ ಅನ್ನಬೇಕಾ? ನಮ್ಮ ರಾಜ್ಯದಲ್ಲಿ ಇದರ ವಿರುದ್ಧ 1981ರಿಂದ ಕಾಯ್ದೆಯೇ ಇದೆ. ಲಂಡನ್‌ನ ಆ ಕಲಾವಿದೆ ತನ್ನ ತಗಡಿನ ಮೇಲೆ ಬರೆದಿದ್ದಾಳೆ, ಅದಕ್ಕೆ ನನ್ನ ತಕರಾರಿಲ್ಲ.

ನಾಪೋಕ್ಲು ಇತಿಹಾಸ

ಮಡಿಕೇರಿ ಅಣ್ಣ, ನಿಮ್ಮ ಶಟರ್ ವಿಷಯ ನ್ಯಾಯವೇ. ಆದರೆ ಮೊಳೆಯಿಂದ ಕೆರೆಯುವ ಟೂರಿಸ್ಟಿಗೆ ಹೆಸರು ಬರೆಯಲು ನೂರು ಜಾಗ ಇದೆ. ಆಧಾರ್ ಕಾರ್ಡ್ ಇದೆ, ಮನೆ ಬಾಗಿಲಿಗೆ ಬೋರ್ಡ್ ಇದೆ. ಆ ಅಜ್ಜಿಯ ಹೆಸರಿನ ಕಥೆ ಬೇರೆ.

'ಎಂಪೈರ್ ವಿಂಡ್‌ರಷ್' ಅನ್ನೋ ಹಡಗು 1948ರ ಜೂನ್ 22ಕ್ಕೆ ಲಂಡನ್ ಹತ್ತಿರದ ಟಿಲ್‌ಬರಿಗೆ ಬಂತು. ಯುದ್ಧ ಮುಗಿದು ಕೆಲಸಕ್ಕೆ ಜನ ಬೇಕಿತ್ತು. ಜಮೈಕಾ, ಟ್ರಿನಿಡಾಡ್ ಕಡೆಯಿಂದ ಬಂದವರು ಬಸ್ಸು ಓಡಿಸಿದರು, ಆಸ್ಪತ್ರೆಗಳಲ್ಲಿ ನರ್ಸ್ ಆದರು. ಅದಾದ ಮೇಲೂ ವರ್ಷಗಟ್ಟಲೆ ಹಡಗುಗಳು ಬಂದವು. ಬಂದಿಳಿದವರ ಹೆಸರಿದ್ದ ಹಳೇ ಚೀಟಿಗಳನ್ನು 2010ರಲ್ಲಿ ಅಲ್ಲಿನ ಸರ್ಕಾರವೇ ನಾಶ ಮಾಡಿತು. ಆಮೇಲೆ ಅದೇ ಸರ್ಕಾರ ನೀವು ಯಾವಾಗ ಬಂದಿರಿ, ದಾಖಲೆ ತೋರಿಸಿ ಅಂತ ಕೇಳಿತು. ಐವತ್ತು ವರ್ಷ ತೆರಿಗೆ ಕಟ್ಟಿದವರು ಕೆಲಸ ಕಳೆದುಕೊಂಡರು. ಕೆಲವರನ್ನು ದೇಶದಿಂದ ಹೊರಗೆ ಹಾಕಿದರು. 2018ರಲ್ಲಿ ಇದು ದೊಡ್ಡ ಗಲಾಟೆ ಆಯಿತು. ಈಗ ಆ ತಗಡನ್ನು ಇನ್ನೊಂದು ಸಲ ನೆನಪಿಸಿಕೊಳ್ಳಿ.

ಇನ್ನೊಂದು ಹೇಳಲೇಬೇಕು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತಗೊಂಡರು. ಅದೇ ವರ್ಷ ಆಗಸ್ಟ್ 1ಕ್ಕೆ ಕೆರಿಬಿಯನ್‌ನ ಬ್ರಿಟಿಷ್ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರ ಅಂತ 2 ಕೋಟಿ ಪೌಂಡ್ ಕೊಟ್ಟರು, ಅದೂ ಗುಲಾಮರಿಗಲ್ಲ, ಮಾಲೀಕರಿಗೆ. ಜಮೈಕಾದ ಕಾಫಿ ಬಿದ್ದುಹೋಯಿತು, ಸಿಲೋನ್ ಕಾಫಿ ಎದ್ದಿತು. 1850ರ ದಶಕದಲ್ಲಿ ಮಡಿಕೇರಿ ಸುತ್ತ ಬಿಳಿಯರ ತೋಟಗಳು ಶುರುವಾದವು. ಅದಕ್ಕೂ ಮುಂಚೆ, 1780ರ ದಶಕದ ಕೊನೆಗೆ, ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧ ಬೆಳೆಯುತ್ತಿದ್ದದ್ದು ಹೈಟಿಯಲ್ಲಿ, ಗುಲಾಮರ ಕೈಯಿಂದ. ಅವರು 1791ರಲ್ಲಿ ದಂಗೆ ಎದ್ದು 1804ರಲ್ಲಿ ಸ್ವಂತ ದೇಶ ಕಟ್ಟಿದರು. ಬಾಸ್ಕಿಯಾನ ಅಪ್ಪನ ಊರು ಅದು. ನಾವು ಕಣದಲ್ಲಿ ಹರವಿ ಒಣಗಿಸುವ ಬೀಜಕ್ಕೂ ಆ ತಗಡಿಗೂ ನಂಟಿದೆ. ಅದು ದೂರದ ನಂಟೇನಲ್ಲ.

ಗೋಣಿಕೊಪ್ಪ ಕಡೆಯವರು

ಗುಲಾಮಗಿರಿ ಮಾತು ಬಂತಲ್ಲ. ನಮ್ಮಲ್ಲೂ ಎರವರು ಅನ್ನೋ ಬುಡಕಟ್ಟಿನವರನ್ನು ಜಮೀನಿನ ಜೊತೆಗೇ ಲೆಕ್ಕ ಹಾಕುತ್ತಿದ್ದ ಕಾಲ ಇತ್ತು, ಅದನ್ನು ಬಿಟ್ಟು ಹೈಟಿ ಬಗ್ಗೆ ಮಾತ್ರ ಮಾತಾಡಬಾರದು.

ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿದ್ದೀರಾ? ಮೇ ತಿಂಗಳಲ್ಲಿ ಬರುತ್ತೆ. ಜೇನುಕುರುಬರು, ಎರವರು ಮೈಗೆ ಮುಖಕ್ಕೆ ಬಣ್ಣ ಬಳಿದುಕೊಂಡು, ಗಂಡಸರು ಸೀರೆ ಲಂಗ ಹಾಕಿಕೊಂಡು, ಸೋರೆಬುರುಡೆ, ಪ್ಲಾಸ್ಟಿಕ್ ಡ್ರಮ್ ಬಡಿಯುತ್ತಾ ಬರ್ತಾರೆ. ದೇವರನ್ನೂ ಬಯ್ಯಬಹುದು, ಧಣಿಯನ್ನೂ ಬಯ್ಯಬಹುದು. ಬೇಟೆಗೆ ಕರ್ಕೊಂಡು ಹೋದ ದೇವರು ಭದ್ರಕಾಳಿ ಹಿಂದೆ ಹೋಗಿ ನಮ್ಮನ್ನು ಕಾಡಲ್ಲಿ ಬಿಟ್ಟ ಅನ್ನೋ ಸಿಟ್ಟು ಅದು.

ಟ್ರಿನಿಡಾಡ್‌ನ ಕಾರ್ನಿವಲ್ ಅನ್ನೋ ಬೀದಿ ಹಬ್ಬದ ಬಗ್ಗೆ ಓದಿದಾಗ ನನಗೆ ದೇವರಪುರವೇ ಕಣ್ಣಿಗೆ ಬಂತು. ಅಲ್ಲೂ ಬೆಳಗಿನ ಜಾವ ಮಣ್ಣು, ಬಣ್ಣ, ಎಣ್ಣೆ ಬಳಿದುಕೊಂಡು ಬೀದಿಗಿಳೀತಾರೆ. 1881ರಲ್ಲಿ ಪೊಲೀಸರಿಗೂ ಜನರಿಗೂ ಹೊಡೆದಾಟವೇ ಆಯಿತು, ಆಮೇಲೆ ಚರ್ಮದ ಡ್ರಮ್‌ಗೆ ತಡೆ ಬಂತು. ಜನ ಬಿದಿರಿನ ತುಂಡು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಕೊನೆಗೆ ಎಣ್ಣೆ ಡ್ರಮ್ ತಳವನ್ನು ಸುತ್ತಿಗೆಯಲ್ಲಿ ತಟ್ಟಿ ಸ್ವರ ಬರುವ ಸ್ಟೀಲ್‌ಪ್ಯಾನ್ ಮಾಡಿದರು. ಬೇರೆಯವರು ಬಿಸಾಕಿದ್ದನ್ನು ಎತ್ತಿಕೊಂಡು ತಮ್ಮ ದನಿ ಮಾಡಿಕೊಳ್ಳೋದು. ಆ ಕಲಾವಿದೆಯ ತಗಡೂ ಅದೇ ಜಾತಿಯದು ಅಂತ ನನಗೆ ಅನಿಸುತ್ತೆ.

ಸುಂಟಿಕೊಪ್ಪದ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, 'ಬೇರೆ ಜಾಗ ಇತ್ತಾ' ಅಂದಿರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಒಂದು ವಿಷಯ ಮೊದಲೇ ಹೇಳಲಿಲ್ಲ. ನಾನು ಬೆಳೆದದ್ದು ಎಸ್ಟೇಟಿನ ಲೈನ್ ಮನೆಯಲ್ಲಿ, ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿರ್ತಾರಲ್ಲ, ಅಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ. ನಮ್ಮ ಲೈನಿನಲ್ಲಿ ತಮಿಳು, ತುಳು, ಮಲಯಾಳ, ಕನ್ನಡ ಎಲ್ಲ ಕಲಸಿದ ಒಂದು ಮಾತು ಇತ್ತು. ಶಾಲೆಯಲ್ಲಿ ಹಾಗೆ ಮಾತಾಡಿದ್ದಕ್ಕೆ ಒಬ್ಬರು ಟೀಚರ್ 'ಇದು ಯಾವ ಭಾಷೆ, ಮನುಷ್ಯರದ್ದಾ?' ಅಂತ ಎಲ್ಲರ ಎದುರು ಕೇಳಿದ್ದರು. ಅವತ್ತಿನಿಂದ ಹೊರಗಡೆ ಆ ಮಾತು ಆಡಿಲ್ಲ. ಬಾಗಿಲ ಮೇಲಿನ 'ಲಿಕಲ್ ಮೋರ್' ನನ್ನನ್ನು ಯಾಕೆ ಹಿಡಿದು ನಿಲ್ಲಿಸಿತು ಅಂತ ಈಗ ಗೊತ್ತಾಗ್ತಿದೆ.

ಅಪ್ಪನ ಹೆಸರು ಎಲ್ಲಾದರೂ ಬರೆದಿದ್ದರೆ ಅದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಇದ್ದ ಚೆಕ್‌ರೋಲ್ ಪುಸ್ತಕದಲ್ಲಿ, ಹಾಜರಿಗೆ. ಇನ್ನೊಂದು ಕಡೆ ಇತ್ತು. ಲೈನಿನ ಹಿಂದಿನ ಗೋಡೆ ಮೇಲೆ ಅಣ್ಣ ಒಲೆಯ ಇದ್ದಿಲಿನಿಂದ ನಮ್ಮೆಲ್ಲರ ಹೆಸರು ಬರೆದಿದ್ದ. ಅಪ್ಪ, ಅಮ್ಮ, ಅಕ್ಕ, ನಾನು, ನಾಯಿ ರಾಜು. ಆಗ ಅವನು ಎರಡನೇ ಕ್ಲಾಸು, ನನ್ನ ಹೆಸರಿನ 'ಶ' ಉಲ್ಟಾ ಬಿದ್ದಿದೆ. ಹೋದ ವರ್ಷ ಹೋದಾಗಲೂ ಇತ್ತು, ಸೂರಿನ ಕೆಳಗೆ ಇರೋದರಿಂದ ಮಳೆ ತಾಗಿಲ್ಲ. ಈ ಸಲ ಕೊಯ್ಲಿಗೆ ಮುಂಚೆ ಲೈನಿಗೆಲ್ಲ ಹೊಸದಾಗಿ ಪೇಂಟ್ ಹೊಡೆಸ್ತಾರೆ ಅಂತ ಅಮ್ಮ ಹೇಳಿದರು.

ಡ್ರಾಯಿಂಗ್ ಮೇಷ್ಟ್ರು, ವಿರಾಜಪೇಟೆ

ಹಾಗಾದರೆ ತಡ ಮಾಡಬೇಡಮ್ಮ. ಈ ಭಾನುವಾರವೇ ಹೋಗು.

ಬೆಳಗ್ಗೆ ಹೋಗು, ಬಿಸಿಲು ಗೋಡೆಗೆ ಪಕ್ಕದಿಂದ ಬೀಳುವಾಗ ತೆಗೆದರೆ ಸುಣ್ಣದ ಉಬ್ಬು ತಗ್ಗೂ ಕಾಣುತ್ತೆ. ಫ್ಲಾಶ್ ಬೇಡ. ಮೊದಲು ಪೂರ್ತಿ ಗೋಡೆ, ಆಮೇಲೆ ಒಂದೊಂದೇ ಹೆಸರು, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗಿ, ಅಳತೆ ಗೊತ್ತಾಗಲಿ. ಬಟರ್ ಪೇಪರ್ ಮೇಲೆ ಅಚ್ಚು ತೆಗೆಯಬೇಕು ಅಂದರೆ ಗೋಡೆಗೆ ಒತ್ತಬೇಡ, ಇದ್ದಿಲು ಪುಡಿ ಅಂಟಿಕೊಂಡು ಬಂದುಬಿಡುತ್ತೆ. ಇಬ್ಬರು ಪೇಪರನ್ನು ಬಿಗಿಯಾಗಿ ಹಿಡಿದು ಸ್ವಲ್ಪ ದೂರ ನಿಲ್ಲಿಸಿ, ಮೆತ್ತನೆ ಪೆನ್ಸಿಲ್‌ನಲ್ಲಿ ನೋಡಿಕೊಂಡು ಬರೆಯಿರಿ. ಉಲ್ಟಾ 'ಶ' ಉಲ್ಟಾ ಆಗಿಯೇ ಇರಲಿ.

ಮಡಿಕೇರಿಯವನು

ತಂಗಿ, ಬಟರ್ ಪೇಪರ್ ರೋಲ್ ನನ್ನ ಅಂಗಡಿಯಲ್ಲಿ ಇದೆ. ಸುಂಟಿಕೊಪ್ಪಕ್ಕೆ ಶನಿವಾರ ಲೋಡ್ ಕಳಿಸ್ತೀನಿ, ಡ್ರೈವರ್ ಕೈಯಲ್ಲಿ ಕೊಟ್ಟಿರ್ತೀನಿ. ದುಡ್ಡು ಬೇಡ.

ಸುಂಟಿಕೊಪ್ಪದ ಹುಡುಗಿ

ಅಣ್ಣಾ, ಖಂಡಿತ ತಗೋತೀನಿ. ಪೇಪರ್ ಹಿಡಿಯೋಕೆ ನನ್ನಣ್ಣನನ್ನೇ ಕರ್ಕೊಂಡು ಹೋಗ್ತೀನಿ.