ಅಪ್‌ಡೇಟ್: ಬೀರೂರು–ತಾಳಗುಪ್ಪ ಗೂಡ್ಸ್ ಗಾಡಿಗಳು ಕೊನೆಗೂ ಸರಿಯಾಗಿ ಓಡ್ತಿವೆ

ಓಪನ್ ರೈಲ್ಸ್ ಅನ್ನೋ ಕಂಪ್ಯೂಟರ್ ರೈಲು ಸಿಮ್ಯುಲೇಟರ್‌ನಲ್ಲಿ ನಮ್ಮ ಹಳೇ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಮಾರ್ಗ ಕಟ್ಟುತ್ತಿದ್ದೇನೆ, ಗೂಡ್ಸ್ ಓಡಾಟ ಮಾತ್ರ ಆಟದ ಸಾಮಾನಿನ ಥರ ಕಾಣುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. "ರೈಲಿನಿಂದ ಶುರು ಮಾಡಬೇಡಿ, ಸರಕಿನಿಂದ ಶುರು ಮಾಡಿ" ಅಂದ ಹಿರಿಯರಿಗೆ ಮೊದಲು ನಮಸ್ಕಾರ. ನೀವು ಹೇಳಿದ್ದೇ ಸರಿ ಸಾರ್.

ನನ್ನ ದೊಡ್ಡ ತಪ್ಪು ಅದಿರು. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಇದೇ ಮಾರ್ಗದಲ್ಲಿದೆ, ಹಾಗಾಗಿ ಕೆಮ್ಮಣ್ಣುಗುಂಡಿ ಅದಿರನ್ನು ಮುಖ್ಯ ಲೈನಿನಲ್ಲೇ ತರಿಸಿಬಿಟ್ಟಿದ್ದೆ. ಆದರೆ ಅದು ಬರುತ್ತಿದ್ದದ್ದು 610 ಮಿ.ಮೀ. ಅಗಲದ ಪುಟ್ಟ ಹಳಿಯ ಟ್ರಾಮ್‌ವೇಯಲ್ಲಿ. ಆ ಪುಟ್ಟ ವ್ಯಾಗನ್ 1000 ಮಿ.ಮೀ. ಹಳಿಗೆ ಹತ್ತುವುದೇ ಇಲ್ಲವಲ್ಲ! ಈಗ ಮುಖ್ಯ ಲೈನಿನಲ್ಲಿ ಕಾರ್ಖಾನೆಯಿಂದ ಹೊರಗೆ ಹೋಗುವ ಕಬ್ಬಿಣ ಮಾತ್ರ. ಸಾಗರದ ಕಡೆಯಿಂದ ನಾಟಾ, ಅಡಿಕೆ ಇಳಿದು ಬರುತ್ತೆ; ವಾಪಸ್ ಹೋಗುವಾಗ ಹೆಚ್ಚಿನವು ಖಾಲಿ.

ತುಂಬಿದ ವ್ಯಾಗನ್‌ಗೂ ಖಾಲಿ ವ್ಯಾಗನ್‌ಗೂ ಬೇರೆ ಫೈಲ್ ಮಾಡಿ, ತೂಕ ಬೇರೆ ಬರೆದೆ. ಅಷ್ಟಕ್ಕೇ ಗಾಡಿಗೆ ಜೀವ ಬಂತು. ನಿನ್ನೆ ರಾತ್ರಿ ತುಂಬಿದ ಹನ್ನೆರಡು ವ್ಯಾಗನ್ ಎಳೆದುಕೊಂಡು ಏರಿನಲ್ಲಿ ಹೊರಟ ಉಗಿ ಇಂಜಿನ್ ಚಕ್ರ ಜಾರಿ ನಿಂತೇ ಹೋಯ್ತು. ಹಿಡಿತಕ್ಕೆ ಹಳಿ ಮೇಲೆ ಮರಳು ಬಿಟ್ಟು, ರೆಗ್ಯುಲೇಟರ್ (ಉಗಿ ಬಿಡುವ ಹಿಡಿ) ಸ್ವಲ್ಪ ಸ್ವಲ್ಪವೇ ತೆರೆದ ಮೇಲೆ ಹೊರಟಿತು. ಖಾಲಿ ರೇಕಿಗೆ (ವ್ಯಾಗನ್ ಸಾಲಿಗೆ) ಆ ತಾಪತ್ರಯವೇ ಇಲ್ಲ.

ಟೈಮ್‌ಟೇಬಲ್‌ನಲ್ಲಿ ವ್ಯಾಗನ್ ಬಿಡಿಸುವ, ಜೋಡಿಸುವ ಕೆಲಸ ಆನಂದಪುರದವರೆಗೆ ಮುಗಿದಿದೆ. ಸಾಗರದ ಸೈಡಿಂಗ್ (ಪಕ್ಕದ ಹಳಿ) ಈ ವಾರ.