ಬಲ್ಬಿನ ರೋಧ ಲೆಕ್ಕದಲ್ಲಿ 529 ಓಮ್, ಮೀಟರಿನಲ್ಲಿ 40 ಓಮ್: ಯಾವುದು ಸರಿ?

ಪ್ರಶ್ನೆ – ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ಓಮ್‌ನ ನಿಯಮವನ್ನೂ ವಿದ್ಯುತ್ ಸಾಮರ್ಥ್ಯದ ಸೂತ್ರಗಳನ್ನೂ ಬೋಧಿಸುತ್ತಿದ್ದೇನೆ. 230 ವೋಲ್ಟ್, 100 ವ್ಯಾಟ್ ಎಂದು ನಮೂದಿಸಿರುವ ಹಳೆಯ ತಂತು ಬಲ್ಬೊಂದನ್ನು ಉದಾಹರಣೆಗೆ ಆರಿಸಿಕೊಂಡೆವು. ಸಾಮರ್ಥ್ಯವನ್ನು ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟು ಸುಮಾರು 0.435 ಆಂಪಿಯರ್, ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದರೆ ರೋಧ 529 ಓಮ್. ಆದರೆ ಅದೇ ಬಲ್ಬನ್ನು ಹೋಲ್ಡರಿನಿಂದ ಕಳಚಿ ಮಲ್ಟಿಮೀಟರಿನಲ್ಲಿ ಅಳೆದಾಗ ಸುಮಾರು 40 ಓಮ್ ಮಾತ್ರ ಬಂದಿತು. ಈ 40 ಓಮ್ ಸರಿಯಾಗಿದ್ದರೆ ಬಲ್ಬಿನ ಸಾಮರ್ಥ್ಯ 1,322 ವ್ಯಾಟ್ ಆಗಬೇಕಿತ್ತು. ಸೂತ್ರ ತಪ್ಪಲ್ಲ, ಮೀಟರೂ ಕೆಟ್ಟಿಲ್ಲ. ಹಾಗಾದರೆ ಮಕ್ಕಳಿಗೆ ಏನೆಂದು ವಿವರಿಸಲಿ? ವೋಲ್ಟೇಜು ಕಡಿಮೆಯಾದಾಗ ಗೀಸರಿನಲ್ಲಿ ನೀರು ತಡವಾಗಿ ಕಾಯುವುದನ್ನೂ ಇದೇ ಲೆಕ್ಕದಿಂದ ತೋರಿಸಬಹುದೇ?

ಉತ್ತರ 1 – ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಎರಡೂ ಸರಿ, ಮೇಡಂ. ಒಂದು ಉರಿಯುತ್ತಿರುವ ತಂತುವಿನ ರೋಧ, ಇನ್ನೊಂದು ತಣ್ಣಗಿರುವ ತಂತುವಿನ ರೋಧ. ಬೆಳಗುವಾಗ ಟಂಗ್‌ಸ್ಟನ್ ತಂತುವಿನ ಉಷ್ಣಾಂಶ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಮತ್ತು ಲೋಹ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ. ಟಂಗ್‌ಸ್ಟನ್‌ಗೆ ಈ ಏರಿಕೆ ಪ್ರತಿ ಡಿಗ್ರಿಗೆ ಸುಮಾರು 0.0045 ಪಾಲು. ಅಷ್ಟು ಹೆಚ್ಚಿನ ಉಷ್ಣಾಂಶಕ್ಕೆ ಈ ಸರಳ ಗುಣಾಂಕ ಕರಾರುವಾಕ್ಕಾಗಿ ಹೊಂದುವುದಿಲ್ಲವಾದರೂ, ಅದರಿಂದ ಗುಣಿಸಿ ನೋಡಿದರೆ 40 ಓಮ್ ಹನ್ನೆರಡು ಪಟ್ಟು ಹೆಚ್ಚಿ 490ರ ಆಸುಪಾಸಿಗೆ ಬರುತ್ತದೆ. ನಿಮ್ಮ 529ಕ್ಕೆ ಇದು ಸಾಕಷ್ಟು ಹತ್ತಿರ.

ನೀವು ಲೆಕ್ಕ ಹಾಕಿದ 1,322 ವ್ಯಾಟ್ ಕೂಡ ಕೇವಲ ಕಲ್ಪನೆಯಲ್ಲ. ಸ್ವಿಚ್ ಒತ್ತಿದ ಕ್ಷಣದಲ್ಲಿ ತಂತು ತಣ್ಣಗಿರುವುದರಿಂದ ಕೆಲವು ಆಂಪಿಯರುಗಳಷ್ಟು ಕರೆಂಟು ನಿಜವಾಗಿಯೂ ನುಗ್ಗುತ್ತದೆ. ಸೆಕೆಂಡಿನ ಸಣ್ಣ ಭಾಗದಲ್ಲೇ ತಂತು ಕಾದು, ರೋಧ ಏರಿ, ಕರೆಂಟು 0.435ಕ್ಕೆ ಇಳಿಯುತ್ತದೆ. ತಂತು ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುತ್ತಿದ್ದುದು ಇದರಿಂದಲೇ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬರುವ ರೋಧ ಆ ಸ್ಥಿತಿಗೆ ಮಾತ್ರ ಸೇರಿದ್ದು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ. 220 ವೋಲ್ಟ್, 100 ವ್ಯಾಟ್ ಬಲ್ಬನ್ನು 110 ವೋಲ್ಟ್‌ಗೆ ಜೋಡಿಸಿದರೆ ಸಾಮರ್ಥ್ಯವೆಷ್ಟು ಎಂಬ ಪಠ್ಯದ ಲೆಕ್ಕಕ್ಕೆ 25 ವ್ಯಾಟ್ ಎಂಬ ಉತ್ತರ ಬರುವುದು ರೋಧ ಬದಲಾಗದು ಎಂದು ಭಾವಿಸಿದಾಗ. ನಿಜವಾದ ಬಲ್ಬಿನಲ್ಲಿ ತಂತುವಿನ ಬಿಸಿ ಇಳಿದು ರೋಧವೂ ಇಳಿಯುವುದರಿಂದ ಅದು ಸುಮಾರು 33 ವ್ಯಾಟ್ ಎಳೆಯುತ್ತದೆ. ಪರೀಕ್ಷೆಯಲ್ಲಿ 25 ಎಂದೇ ಬರೆಯಲಿ, ಆದರೆ ಯಾವ ಷರತ್ತಿನ ಮೇಲೆ ಹಾಗೆ ಬರೆಯುತ್ತಿದ್ದೇವೆಂಬುದು ಅವರಿಗೆ ತಿಳಿದಿರಲಿ.

ಉತ್ತರ 2 – ವಿದ್ಯುತ್ ಉಪಕರಣಗಳ ದುರಸ್ತಿಗಾರ

ಗೀಸರಿಗೆ ನಿಮ್ಮ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಕಾಯಿಲಿನಲ್ಲಿರುವ ನೈಕ್ರೋಮ್ ತಂತಿಯ ರೋಧ ಬಿಸಿಯಾದರೂ ಹೆಚ್ಚೇನೂ ಬದಲಾಗದು. 230 ವೋಲ್ಟ್, 2,000 ವ್ಯಾಟ್ ಕಾಯಿಲಿಗೆ 8.7 ಆಂಪಿಯರ್, 26.45 ಓಮ್. ವೋಲ್ಟೇಜು 180ಕ್ಕೆ ಇಳಿದರೆ ಕರೆಂಟು 6.8 ಆಂಪಿಯರ್, ಸಾಮರ್ಥ್ಯ 1,225 ವ್ಯಾಟ್. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು, ಹೊರಗೆ ಸೋರುವ ಶಾಖವನ್ನು ಬಿಟ್ಟರೆ, ಮೊದಲು 18 ನಿಮಿಷ ಸಾಕಾಗುತ್ತಿದ್ದಲ್ಲಿ ಈಗ 30 ನಿಮಿಷ ಬೇಕು. ಎರಡೂ ಸಂದರ್ಭದಲ್ಲಿ ಖರ್ಚಾಗುವುದು ಸುಮಾರು 0.61 ಯೂನಿಟ್.

ಇಲ್ಲಿ ಹಲವರು 2,000ವನ್ನು 180ರಿಂದ ಭಾಗಿಸಿ, ಕರೆಂಟು 11 ಆಂಪಿಯರಿಗೆ ಏರುತ್ತದೆ ಎನ್ನುತ್ತಾರೆ. ಕಾಯಿಲಿನ ಮಟ್ಟಿಗೆ ಅದು ತಪ್ಪು. ಇಲ್ಲಿ ಸ್ಥಿರವಾಗಿರುವುದು ರೋಧವೇ ಹೊರತು ಸಾಮರ್ಥ್ಯವಲ್ಲ.

ಉತ್ತರ 3 – ಪಂಪ್‌ಸೆಟ್ ಕೆಲಸ ಬಲ್ಲವರು

ಮೋಟಾರಿನ ವಿಷಯವನ್ನೂ ಸೇರಿಸುತ್ತೇನೆ, ಏಕೆಂದರೆ ಹಳ್ಳಿಯ ಮಕ್ಕಳು ಪಂಪ್‌ಸೆಟ್ ಬಗ್ಗೆ ಕೇಳದೆ ಬಿಡುವುದಿಲ್ಲ. ಮೋಟಾರಿನ ವೈಂಡಿಂಗನ್ನು ಓಮ್‌ನಲ್ಲಿ ಅಳೆದು ಅದರಿಂದ ಓಡುವಾಗಿನ ಕರೆಂಟನ್ನು ಲೆಕ್ಕ ಹಾಕಲು ಬರುವುದಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೂ ನಿಜವಾದ ವ್ಯಾಟ್ ಸಿಗುವುದಿಲ್ಲ, ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಗುಣಿಸಬೇಕು. 230 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುವ ಸಿಂಗಲ್ ಫೇಸ್ ಮೋಟಾರಿನ ಪವರ್ ಫ್ಯಾಕ್ಟರ್ 0.75 ಆಗಿದ್ದರೆ ಅದು ಬಳಸುವುದು 1,150 ಅಲ್ಲ, ಸುಮಾರು 860 ವ್ಯಾಟ್. ಮೇಲಾಗಿ, ಲೋಡ್ ಅಷ್ಟೇ ಇದ್ದು ವೋಲ್ಟೇಜು ಇಳಿದರೆ ಮೋಟಾರು ಗೀಸರಿನಂತೆ ಕರೆಂಟು ಕಡಿಮೆ ಮಾಡುವುದಿಲ್ಲ, ಹೆಚ್ಚು ಎಳೆಯುತ್ತದೆ. ವೈಂಡಿಂಗಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕರೆಂಟು 20 ಶೇಕಡಾ ಹೆಚ್ಚಿದರೆ ಬಿಸಿ 44 ಶೇಕಡಾ ಹೆಚ್ಚುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಓಡಿಸಿದ ಮೋಟಾರುಗಳು ಸುಡುವುದು ಹೀಗೆ.

ಉತ್ತರ 4 – ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಮೇಲಿನ ಮಾತು ಸರಿಯಾಗಿದೆ. ಮೇಡಂ, ತರಗತಿಯಲ್ಲಿ ದಯವಿಟ್ಟು 230 ವೋಲ್ಟ್ ಮೇಲೆ ಅಳತೆ ಮಾಡಿಸಬೇಡಿ. ಮೀಟರನ್ನು ಕರೆಂಟಿನ ಸ್ಥಾನದಲ್ಲಿಟ್ಟು ಸಾಕೆಟ್ಟಿಗೆ ತಾಗಿಸಿದರೆ ಅದು ಶಾರ್ಟ್ ಸರ್ಕ್ಯೂಟ್. ಬದಲಿಗೆ 12 ವೋಲ್ಟ್, 21 ವ್ಯಾಟಿನ ವಾಹನದ ಬಲ್ಬು ಮತ್ತು ಬ್ಯಾಟರಿ ತೆಗೆದುಕೊಳ್ಳಿ. ಬ್ಯಾಟರಿಯ ತಂತಿಗೆ ಫ್ಯೂಸ್ ಹಾಕಿರಿ, ಮೀಟರಿನ 10 ಆಂಪಿಯರ್ ಕಿಂಡಿಯನ್ನೇ ಬಳಸಿರಿ. 12 ವೋಲ್ಟ್‌ನಲ್ಲಿ 1.75 ಆಂಪಿಯರ್, ಅಂದರೆ 6.9 ಓಮ್ ಬರಬೇಕು. ತಣ್ಣಗಿರುವಾಗ ಒಂದು ಓಮ್‌ಗಿಂತ ಕಡಿಮೆ ತೋರಿಸುವುದರಿಂದ, ಅಳೆಯುವ ಮೊದಲು ಮೀಟರಿನ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಅವುಗಳ ರೋಧವನ್ನು ಬರೆದುಕೊಂಡು, ಬಂದ ಅಳತೆಯಿಂದ ಅದನ್ನು ಕಳೆಯಬೇಕು.