ಸುಪ್ರೀಂ ಕೋರ್ಟಿನ 2022ರ ಆದೇಶ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಗೆಳೆಯರ ಬಳಗದಲ್ಲಿ ನಡೆದ ವಾದ

*ವಿಶ್ವನಾಥ* (ಪತ್ರಿಕೆಯ ತುಣುಕೊಂದನ್ನು ಫಾರ್ವರ್ಡ್ ಮಾಡಿ): ಸುಪ್ರೀಂ ಕೋರ್ಟಿನ 2022ರ ಆದೇಶದಿಂದ ‘ಲೈಂಗಿಕ ವೃತ್ತಿ ಇನ್ನು ಕಾನೂನುಬದ್ಧ’ ಎಂಬ ಹಳೆಯ ಸುದ್ದಿ ಮತ್ತೆ ಓಡಾಡುತ್ತಿದೆ. ಇದು ನಿಜವಾದರೆ ಹೆಣ್ಣನ್ನು ಮಾರಾಟದ ಸರಕಾಗಿಸುವುದಕ್ಕೆ ನ್ಯಾಯಾಲಯವೇ ಮುದ್ರೆ ಒತ್ತಿದಂತಾಗಲಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

*ಶೋಭಾ*: ತಲೆಬರಹವೇ ತಪ್ಪು, ವಿಶ್ವನಾಥ್. ವಯಸ್ಕ ಮಹಿಳೆ ತಾನಾಗಿ ಈ ವೃತ್ತಿ ಮಾಡುವುದು ನಮ್ಮಲ್ಲಿ ತನ್ನಷ್ಟಕ್ಕೆ ಅಪರಾಧವಾಗಿರಲೇ ಇಲ್ಲ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯು ವೇಶ್ಯಾಗೃಹ ನಡೆಸುವುದನ್ನು, ದಲ್ಲಾಳಿತನವನ್ನು, ಆಕೆಯ ಗಳಿಕೆಯಲ್ಲಿ ಬದುಕುವುದನ್ನು, ಬೀದಿಯಲ್ಲಿ ಗಿರಾಕಿಯನ್ನು ಕರೆಯುವುದನ್ನು ಶಿಕ್ಷಿಸುತ್ತದೆ. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಮಹಿಳೆಯೊಬ್ಬಳ ಕೊಲೆಯ ಮೊಕದ್ದಮೆಯಲ್ಲಿ, 2011ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಅದೇ ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಸಾರ್ವಜನಿಕ ಹಿತಾಸಕ್ತಿಯ ವಿಚಾರಣೆಯಾಗಿ ಮುಂದುವರಿಸಿ ಸಮಿತಿಯೊಂದನ್ನು ನೇಮಿಸಿತು. 2022ರ ಮೇ 19ರ ಆದೇಶ ಆ ಸಮಿತಿಯ ಕೆಲವು ಶಿಫಾರಸುಗಳನ್ನು ಜಾರಿಮಾಡಿತು, ಅಷ್ಟೇ. ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ಹಿಡಿಯಬಾರದು, ಒಲ್ಲದ ಮನಸ್ಸಿನಿಂದ ರಕ್ಷಣಾ ನಿಲಯಗಳಲ್ಲಿರುವ ವಯಸ್ಕ ಮಹಿಳೆಯರ ಬಿಡುಗಡೆಗೆ ರಾಜ್ಯಗಳು ಸಮೀಕ್ಷೆ ನಡೆಸಬೇಕು ಎಂಬಂಥವು ಅದರಲ್ಲಿವೆ. ಪತ್ರಿಕೆಗಳು ಹೆಚ್ಚು ಸಾರಿದ ಮಾತು, ಅಂದರೆ ರೈಡ್ ಆದಾಗ ಮಹಿಳೆಯರನ್ನು ಬಂಧಿಸಬಾರದೆಂಬ ಶಿಫಾರಸು, ಕೇಂದ್ರ ಸರ್ಕಾರ ತಕರಾರು ಎತ್ತಿದ್ದರಿಂದ ಆ ದಿನ ಜಾರಿಯಾದವುಗಳಲ್ಲಿ ಸೇರಲೇ ಇಲ್ಲ. ಅದು ಸೇರಬೇಕಿತ್ತೆಂದು ನಾನು ಬಲವಾಗಿ ನಂಬುತ್ತೇನೆ. ಆಕೆಯ ಇಚ್ಛೆಯನ್ನು ಆಕೆಯೇ ಹೇಳಬೇಕು.

*ಗಿರಿಜಾ*: ಶೋಭಾ, ತಲೆಬರಹದ ಮಾತು ಒಪ್ಪಿದೆ. ಆಕೆಯ ಇಚ್ಛೆ ಎಂದೆಯಲ್ಲ, ನನ್ನ ತಕರಾರು ಅಲ್ಲಿದೆ. ಬೆಳಗಾವಿ, ಬಾಗಲಕೋಟೆಯ ಕಡೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದವಳು ನಾನು. ದೇವದಾಸಿ ಸಮರ್ಪಣೆಯನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಸಮೀಕ್ಷೆಗಳೆರಡೂ ಸೇರಿ 46,000ಕ್ಕೂ ಹೆಚ್ಚು ಮಹಿಳೆಯರನ್ನು ಗುರುತಿಸಿದವು. ಅವರಲ್ಲಿ ಬಹುಪಾಲು ದಲಿತರು. ಮೈನೆರೆಯುವ ಮೊದಲೇ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ, ಮುಂದೆ ಮುಂಬೈ, ಪುಣೆ, ಸಾಂಗ್ಲಿಯ ಗಲ್ಲಿಗಳಿಗೆ ಸಾಗಿಸಿದ ಹುಡುಗಿ ಹದಿನೆಂಟು ತುಂಬಿದ ಮರುದಿನದಿಂದ ಸಮ್ಮತಿಸಿದವಳಾಗುತ್ತಾಳೆ ಎಂದರೆ, ಅಷ್ಟು ವರ್ಷ ಆಕೆಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿದ ಜಾತಿ, ಸಾಲ ಮತ್ತು ಊರಿನ ಉಳ್ಳವರು ಲೆಕ್ಕದಿಂದ ಜಾರಿಕೊಂಡ ಹಾಗಾಗುತ್ತದೆ. ಸ್ವೀಡನ್ 1999ರಿಂದ ಹಿಡಿದ ದಾರಿ ನನಗೆ ಸರಿಯೆನಿಸುತ್ತದೆ: ಹೆಣ್ಣಿಗೆ ಶಿಕ್ಷೆಯಿಲ್ಲ, ಹಣ ಕೊಟ್ಟು ಕೊಳ್ಳುವವನಿಗೆ ಶಿಕ್ಷೆ. ನಮ್ಮಲ್ಲಿ ಗಿರಾಕಿಗಳ ಮೇಲೆ ಹೂಡಿದ ಮೊಕದ್ದಮೆಗಳನ್ನು ಹೈಕೋರ್ಟು ಮತ್ತೆ ಮತ್ತೆ ರದ್ದುಪಡಿಸಿದೆ. ಈ ಇಡೀ ವ್ಯವಹಾರದಲ್ಲಿ ಯಾವ ಒತ್ತಾಯವೂ ಇಲ್ಲದೆ ಬರುವವನು ಅವನೊಬ್ಬನೇ.

*ಶೋಭಾ*: ಗಿರಿಜಕ್ಕ, ನಿಮ್ಮ ಕೊನೆಯ ವಾಕ್ಯಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಆದರೆ ನೀವು ಹೆಸರಿಸಿದ ಅದೇ ಸಾಂಗ್ಲಿಯಲ್ಲಿ 1996ರಲ್ಲಿ ಈ ವೃತ್ತಿಯ ಮಹಿಳೆಯರದೇ ಸಂಘವಾದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತನ್ನು ಕಟ್ಟಿದವರಲ್ಲಿ ಮುತ್ತು ಕಟ್ಟಿಸಿಕೊಂಡು ಹೋದ ಕನ್ನಡದ ಹೆಣ್ಣುಮಕ್ಕಳೂ ಇದ್ದಾರೆ. ನಿಮ್ಮಷ್ಟೇ ಜಾತಿಯನ್ನು ಬಲ್ಲವರು ಅವರು, ಅನುಭವಿಸಿ ಬಲ್ಲವರು. ಅವರು ಕೇಳುವುದು ಪೊಲೀಸರಿಂದ ಬಿಡುಗಡೆಯನ್ನು. ಮೈಸೂರಿನಲ್ಲಿ ಇಂಥದೇ ಸಂಘವಾದ ಆಶೋದಯ ಸಮಿತಿಯ ಮಹಿಳೆಯರೂ ಪೊಲೀಸರ ಮತ್ತು ಗೂಂಡಾಗಳ ಹಿಂಸೆಯನ್ನೇ ಮೊದಲು ಎದುರಿಸಬೇಕಾಯಿತು. ಅಶ್ಲೀಲ ಚಿತ್ರಗಳನ್ನು ಅತ್ಯಂತ ಕಟುವಾಗಿ ವಿರೋಧಿಸಿದ ಅಮೆರಿಕದ ಆಂಡ್ರಿಯಾ ಡ್ವೋರ್ಕಿನ್ ಮತ್ತು ಕ್ಯಾಥರೀನ್ ಮ್ಯಾಕಿನನ್ 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕೆ ಬರೆದುಕೊಟ್ಟ ಕಾನೂನಿನ ಕರಡನ್ನು ನೆನೆಯಿರಿ: ಆ ಚಿತ್ರಗಳಿಂದ ಹಾನಿಗೊಳಗಾದ ಹೆಣ್ಣೇ ಸಿವಿಲ್ ದಾವೆ ಹೂಡಲಿ ಎಂಬುದು ಅದರ ಬೇಡಿಕೆಯಾಗಿತ್ತು. ಅಲ್ಲಿನ ಮೇಯರ್ ಅದನ್ನು ತಡೆದರು. ಇಂಡಿಯಾನಾಪೊಲಿಸ್ ನಗರ ಅಂಗೀಕರಿಸಿದ ಅಂಥದೇ ಕಾನೂನನ್ನು ವಾಕ್ ಸ್ವಾತಂತ್ರ್ಯದ ಕಾರಣಕ್ಕೆ ನ್ಯಾಯಾಲಯಗಳು ಹೊಡೆದುಹಾಕಿದವು. ಆ ಕರಡು ನನಗೆ ಒಪ್ಪಿಗೆಯಲ್ಲ, ಆದರೂ ಅದು ಅಧಿಕಾರವನ್ನು ಠಾಣೆಗೆ ಕೊಡದೆ ಆಕೆಯ ಕೈಗೆ ಕೊಟ್ಟಿತ್ತು. ನಮ್ಮ ಕಾಯ್ದೆ ಏನು ಮಾಡುತ್ತದೆ ನೋಡಿ. ಇಬ್ಬರು ಮಹಿಳೆಯರು ಸುರಕ್ಷಿತವಾಗಿರಲೆಂದು ಒಂದೇ ಬಾಡಿಗೆ ಮನೆಯಲ್ಲಿ ಕೂಡಿ ವೃತ್ತಿ ನಡೆಸಿದರೆ, ಇಬ್ಬರ ಪರಸ್ಪರ ಲಾಭಕ್ಕಾಗಿ ಎಂಬ ಕಾರಣಕ್ಕೆ ಅದು ವೇಶ್ಯಾಗೃಹ. ಆಕೆಯ ದುಡಿಮೆಯಲ್ಲಿ ಓದುವ ಮಗನಿಗೆ ಹದಿನೆಂಟು ತುಂಬಿದರೆ 4ನೇ ಕಲಮಿನಡಿ ಅವನೂ ಆರೋಪಿಯಾಗಬಹುದು. 8ನೇ ಕಲಮಿನಲ್ಲಂತೂ ಬೀದಿಯಲ್ಲಿ ಕರೆದ ತಪ್ಪಿಗೆ ಹೆಣ್ಣಿಗೆ ಮೊದಲ ಸಲ ಆರು ತಿಂಗಳವರೆಗೆ ಸೆರೆ, ಅದೇ ತಪ್ಪು ಮಾಡಿದ ಗಂಡಸಿಗೆ ಹೆಚ್ಚೆಂದರೆ ಮೂರು ತಿಂಗಳು.

*ವಿಶ್ವನಾಥ*: ಗಂಡಸಿಗೆ ಅರ್ಧ ಶಿಕ್ಷೆ ಎಂಬುದು ಕಾಯ್ದೆಯಲ್ಲೇ ಇದೆಯೇ?

*ಶೋಭಾ*: ಕಾಯ್ದೆಯಲ್ಲೇ ಇದೆ. 8ನೇ ಕಲಮಿನ ಕೊನೆಯಲ್ಲಿರುವ ಪರಂತುಕವನ್ನು, ಅಂದರೆ ವಿನಾಯಿತಿ ಹೇಳುವ ವಾಕ್ಯವನ್ನು, ಓದಿ.

*ಗಿರಿಜಾ*: ಮುತ್ತು ಕಟ್ಟಿಸಿಕೊಂಡವರೇ ಸಂಘ ಕಟ್ಟಿದರೆ ಅವರ ಮಾತು ನನ್ನ ಮಾತಿಗಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಘಕ್ಕೆ ಬರುವಷ್ಟು ಕಾಲ ಬದುಕಿ, ಮಾತನಾಡುವ ಧೈರ್ಯ ಗಳಿಸಿದವರ ದನಿ ನಮಗೆ ಕೇಳುತ್ತದೆ. ವೇಶ್ಯಾಗೃಹದ ಒಡತಿಯಾದ ಘರವಾಲಿಯ ಬಾಗಿಲಿನ ಒಳಗೆ ಸಾಲದ ಲೆಕ್ಕದಲ್ಲಿ ಸಿಕ್ಕಿಬಿದ್ದ ಹದಿನೈದರ ಹುಡುಗಿಯದು ಕೇಳುವುದಿಲ್ಲ. ಕಾನೂನು ಆ ಬಾಗಿಲನ್ನು ತೆರೆಸುವಂತಿರಬೇಕು. ಇಬ್ಬರು ಗೆಳತಿಯರ ಬಾಡಿಗೆ ಮನೆಗೆಂದು ವೇಶ್ಯಾಗೃಹದ ಕಲಮನ್ನು ಸಡಿಲಿಸಿದರೆ, ಆ ಸಡಿಲಿಕೆಯನ್ನು ಮೊದಲು ಬಳಸಿಕೊಳ್ಳುವವಳು ಹತ್ತು ಹುಡುಗಿಯರನ್ನು ಇಟ್ಟುಕೊಂಡಿರುವ ಘರವಾಲಿ.

*ಶೋಭಾ*: ಅಪ್ರಾಪ್ತ ವಯಸ್ಸಿನವರ ವಿಷಯದಲ್ಲಿ ನನಗೂ ನಿಮಗೂ ಕೂದಲೆಳೆಯಷ್ಟೂ ಭೇದವಿಲ್ಲ, ಅಕ್ಕ. ಪೋಕ್ಸೊ ಇದೆ, ಮಾನವ ಕಳ್ಳಸಾಗಣೆಯ ಕಲಂ ಇದೆ. ಅವುಗಳ ಕೆಲಸಕ್ಕೆ 8ನೇ ಕಲಂ ಏಕೆ ಬೇಕು? ಅದನ್ನು ತೆಗೆಯಬೇಕೆಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ನಾವು ಕೆಲವರು ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ರಕ್ಷಣಾ ನಿಲಯಗಳ ಸಮೀಕ್ಷೆಯ ವರದಿಯನ್ನು ಬಹಿರಂಗಪಡಿಸಬೇಕೆಂದೂ, ವೇಶ್ಯಾಗೃಹದ ಕುರಿತ 3ನೇ ಕಲಮಿನಿಂದ ಕೂಡಿ ಬಾಳುವ ಮಹಿಳೆಯರಿಗೆ ವಿನಾಯಿತಿ ಕೊಡಬೇಕೆಂದೂ ಅದರಲ್ಲಿದೆ.

*ಗಿರಿಜಾ*: 8ನೇ ಕಲಮಿಗೂ ನಿಲಯಗಳ ವರದಿಗೂ ನನ್ನ ಸಹಿ ಇದೆ, ಇಂದೇ ಕಳಿಸು. 3ನೇ ಕಲಮಿನ ಬೇಡಿಕೆಯನ್ನು ಬೇರೆ ಕಾಗದದಲ್ಲಿ ಬರೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ.